ಕೇಳದೆ ಬಿಟ್ಟ ಪಾಳಿ

ಅಕ್ಕ, ಆ ಸಮೀಕ್ಷೆಯಲ್ಲಿ ನಾನು ನಿಮ್ಮ ಎರಡನೇ ಪಾಳಿಯವರನ್ನು ಕೇಳಲೇ ಇಲ್ಲ. ಕೇಳಿದೆನೆಂದು ಸುಳ್ಳು ಹೇಳಿದೆ.

ಅಂದು ಬೆಳಿಗ್ಗೆ ನೀನು ಮುದ್ದೆ ಕಟ್ಟುತ್ತಿದ್ದೆ. ಪಾಳಿ ಬಿಡುವ ಹೊತ್ತಿಗೆ ಪೀಣ್ಯದ ನಿಮ್ಮ ಕಾರ್ಖಾನೆಯವರಿಗೆ ಬಸ್ಸು ಬೇಕೇ ಎಂದು ವಿಚಾರಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತ್ತು.

"ಊರೋರ್ನೆಲ್ಲ ಕೇಳ್ತೀಯಂತೆ. ನಾನೇನು ಲೆಕ್ಕಕ್ಕಿಲ್ವೇನೋ?"

"ಸ್ವಂತ ಅಕ್ಕನ್ನ ಕೇಳಿದ್ರೆ ಪಕ್ಷಪಾತ ಆಗತ್ತೆ ಕಣೇ."

"ಆಯ್ತಪ್ಪ, ದೊಡ್ಡ ಮನುಷ್ಯ! ನನ್ ಪಕ್ಕ ಪ್ಯಾಕಿಂಗ್ ಮಾಡೋ ಜಯಮ್ಮನ್ನಾದ್ರೂ ಕೇಳು."

ಎರಡೂ ಪಾಳಿಯಿಂದ ಸಮನಾಗಿ ಕೇಳಬೇಕೆಂಬುದು ನಿಯಮ. ಮಧ್ಯಾಹ್ನ ಮೊದಲ ಪಾಳಿಯ ಗಂಡಸರು ನಗುತ್ತಾ ಹೊರಬಂದರು — "ಬಸ್ಸಾ? ಸೈಕಲ್ ಐತಲ್ಲ ಸಾರ್." ಕೆಲಸಕ್ಕೆ ಒಳಗೆ ಓಡುತ್ತಿದ್ದ ನಿಮ್ಮ ಪಾಳಿಯ ಹೆಂಗಸರು ನಿಲ್ಲಲಿಲ್ಲ. ಕತ್ತಲಾದ ಮೇಲೆ, ನೀವು ಬಿಡುವಾಗ ಬರಬೇಕಿತ್ತು. ಅಷ್ಟು ಹೊತ್ತು ಕಾಯಲು ಬೇಸರ — ಬೇರೇನೂ ಕಾರಣವಿರಲಿಲ್ಲ. ಸೈಕಲ್ಲಿನವರನ್ನೇ ಇನ್ನಷ್ಟು ಕೇಳಿ ಸಂಖ್ಯೆ ತುಂಬಿಸಿದೆ.

ಆಮೇಲೆ ಕಾಲೇಜಿನಲ್ಲಿ ಕಲಿತಂತೆ ಲೆಕ್ಕ ಹಾಕಿದೆ. ಬೇಕೆಂದವರ ಪಾಲನ್ನು ಬೇಡವೆಂದವರ ಪಾಲಿನಿಂದ ಗುಣಿಸಿ, ಕೇಳಿದವರ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಬರುವುದೇ ಸ್ಟ್ಯಾಂಡರ್ಡ್ ಎರರ್ — ನಮ್ಮ ಉತ್ತರ ಎಷ್ಟು ಆಚೀಚೆ ಆಗಬಹುದು ಎನ್ನುವ ಅಂದಾಜು. ಜನ ಹೆಚ್ಚಿದಷ್ಟೂ ಅದು ಕುಗ್ಗುತ್ತದೆ. ಯಾರನ್ನು ಬಿಟ್ಟೆ ಎಂದು ಮಾತ್ರ ಆ ಸೂತ್ರ ಕೇಳುವುದಿಲ್ಲ.

ಸಮೀಕ್ಷೆ ಮಾಡಿಸಿದ ಸಾಹೇಬರು ಕೇಳಿದರು. "ಎರರ್ ಎಷ್ಟ್ರೀ? ನಂಬಬಹುದಾ?"

"ತುಂಬಾ ಕಮ್ಮಿ ಸಾರ್. ಎರಡೂ ಪಾಳೀಲಿ ಕೇಳಿದೀನಿ."

ಗುಣಾಕಾರ, ಭಾಗಾಕಾರ ಎಲ್ಲಾ ಸರಿಯಿತ್ತು. ಬಸ್ಸಿನ ಯೋಚನೆಯನ್ನು ಅವರು ಕೈಬಿಟ್ಟರು.

ಆ ಮಳೆಗಾಲ, ಪಾಳಿ ಮುಗಿಸಿ ತುಮಕೂರು ರಸ್ತೆಯ ಅಂಚಿನಲ್ಲಿ ನೀನು ನಡೆದು ಬರುತ್ತಿದ್ದಾಗ, ಹಿಂದಿನಿಂದ ಲಾರಿ —

ಅಮ್ಮ ಲಾರಿಯವನಿಗೆ ಶಾಪ ಹಾಕಿದಳು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಹೌದು, ತಲೆಯಾಡಿಸಿದೆ. ತಿಥಿಗೆ ಬಂದ ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ ತಮ್ಮ ಬಸ್ ಬರೋಂಗೆ ಮಾಡ್ತಾನೆ ನೋಡ್ತಿರಿ ಅಂತ ನಮ್ಗೆಲ್ಲ ಹೇಳೋಳು ಕಣಪ್ಪ" ಎಂದಳು. ಆಗಲೂ ಬಾಯಿ ಬಿಡಲಿಲ್ಲ. ಅಮ್ಮ ಸಾಯುವವರೆಗೂ ಬಿಡಲಿಲ್ಲ.

ಬಸ್ಸು ಬಂದಿದ್ದರೆ ನೀನು ಉಳಿಯುತ್ತಿದ್ದೆಯೋ ಇಲ್ಲವೋ — ಗೊತ್ತಿಲ್ಲ. ಆ 'ಗೊತ್ತಿಲ್ಲ' ಎಂಬುದರ ಹಿಂದೆ ಇಷ್ಟು ವರ್ಷ ಅಡಗಿದ್ದು ಸಾಕು. ಜಯಮ್ಮ ಇನ್ನೂ ದಾಸರಹಳ್ಳಿಯಲ್ಲೇ ಇದ್ದಾಳಂತೆ. ಹೋಗಿ ಅವಳಿಗೂ ಇದನ್ನೇ ಹೇಳುತ್ತೇನೆ.

ಆ ಸಮೀಕ್ಷೆಯಲ್ಲಿ ನಿಮ್ಮ ಪಾಳಿಯ ಒಬ್ಬರ ಉತ್ತರವೂ ಇಲ್ಲ, ಅಕ್ಕ. ನಿನ್ನದೂ ಇಲ್ಲ.