ಛತ್ರಿ ಮೇಸ್ತ್ರಿಯ ಅಟ್ಟ

ಮೊನ್ನೆ ವಿಜಯನಗರದಲ್ಲಿ ಹೊಸದಾಗಿ ಶುರುವಾದ ಒಡವೆ ಅಂಗಡಿಯವರು ಬಂದವರಿಗೆಲ್ಲ ಒಂದೊಂದು ಛತ್ರಿ ಕೊಟ್ಟರು. ಮನೆಗೆ ತಂದು ಬಿಚ್ಚಿದೆ ನೋಡಿ, ಹಸಿ ಬಣ್ಣದ ಆ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಬಡೀತು... ಅಂಗಡಿ ಹೆಸರಿನ ಅಕ್ಷರಗಳು ಬಟ್ಟೆ ಮೇಲೆ ಡೊಂಕಾಗಿ ಜೋತುಬಿದ್ದಿದ್ದವು. "ಥೂ, ಯಾವನಪ್ಪಾ ಇದನ್ನ ಬರೆದೋನು!" ಅಂತ ಬಾಯಿಗೆ ಬಂತು. ಆ ಬೈಗುಳ ನನ್ನದಲ್ಲ, ನಮ್ಮ ಮೇಸ್ತ್ರಿಗಳದ್ದು.

ತೊಂಬತ್ತರ ದಶಕದ ಕೊನೆಯ ಮಾತು. ಚಿತ್ರಕಲೆ ಕಲಿತು ಸುಮ್ಮನೆ ಮನೇಲಿ ಕೂತಿದ್ದ ನನ್ನನ್ನ ಅಪ್ಪ ದೇವರಾಜ ಮೊಹಲ್ಲಾದ ಛತ್ರಿ ಅಂಗಡಿಗೆ ಸೇರಿಸಿದರು. ಯಜಮಾನರು ಅಪ್ಪನ ಪರಿಚಯದವರು. ಹೋಟೆಲಿನವರು, ಸೀರೆ ಅಂಗಡಿಯವರು ತಮ್ಮ ಹೆಸರು ಹಾಕಿಸಿ ಛತ್ರಿ ಮಾಡಿಸೋರು. ಹೆಸರು ನಾನು ಬರೀಬೇಕು. ಮೇಸ್ತ್ರಿಗಳು ಅದನ್ನ ಬಟ್ಟೆಗೆ ಅಚ್ಚು ಹಾಕಿ, ಹೊಲಿದು, ಕಡ್ಡಿಗೆ ಕಟ್ಟಬೇಕು. ಕೆಲಸವೆಲ್ಲ ಅಂಗಡಿ ಮೇಲಿನ ಅಟ್ಟದಲ್ಲಿ. ಕಿಟಕಿ ಇಲ್ಲ. ನೆಟ್ಟಗೆ ನಿಂತರೆ ತೊಲೆ ತಲೆಗೆ ಬಡಿಯೋದು. ಛತ್ರಿ ಮಾಡೋ ಜಾಗದಲ್ಲೇ ಒಂದು ಛತ್ರೀನ ತಲೆ ಮೇಲೆ ಹಿಡಿದು ಬಿಚ್ಚೋಕಾಗ್ತಿರಲಿಲ್ಲ, ಅಡ್ಡಡ್ಡ ಹಿಡಿದೇ ನೋಡಬೇಕಿತ್ತು.

ಆ ಅಟ್ಟದಲ್ಲಿ ಮೇಸ್ತ್ರಿಗಳು ಇಪ್ಪತ್ತು ವರ್ಷ ಕಳೆದಿದ್ದರು. ಬೆನ್ನು ಬಾಗೇ ಹೋಗಿತ್ತು. ಮಂಡಕಳ್ಳಿಯ ತಮ್ಮ ಮನೆ ಜಗಲಿ ಮೇಲೆ ಸ್ವಂತಕ್ಕೊಂದು ಹೊಲಿಗೆ ಮಿಷನ್ ಹಾಕ್ಕೊಂಡು ಕೂರೋದು ಅವರ ಆಸೆ. ಆದರೆ ಯಜಮಾನರ ತಂದೆ ಸಾಯೋ ಮುಂಚೆ ಇವರಿಂದ ಕೊರಳ ಲಿಂಗ ಮುಟ್ಟಿಸಿ ಮಾತು ತಗೊಂಡಿದ್ದರಂತೆ, ಮೇಸ್ತ್ರಿ ಜಾಗಕ್ಕೆ ಇನ್ನೊಬ್ಬರನ್ನ ತಯಾರು ಮಾಡೋವರೆಗೂ ಅಂಗಡಿ ಬಿಡಬಾರದು ಅಂತ. ಕಲಿಯೋಕೆ ಬಂದೋರೆಲ್ಲ ಆರೇ ತಿಂಗಳಿಗೆ ಏಣಿ ಇಳಿದು ಓಡಿದ್ದರು.

"ಲಿಂಗ ಮುಟ್ಟಿ ಆಡಿದ್ ಮಾತು ಕಣವ್ವ, ಮುರಿಯಕ್ಕಾಯ್ತದಾ? ನೀ ಕಲ್ತುಬುಡು, ನಾ ಹೊಂಟೋಯ್ತೀನಿ" ಅನ್ನೋರು, ನಗ್ತಾ.

ಕಲಿಸಿದರು. ಛತ್ರಿ ಬಿಚ್ಚಿದಾಗ ಬಟ್ಟೆ ಜಗ್ಗುತ್ತೆ. ಅದಕ್ಕೇ ಕಾಗದದ ಮೇಲೆ ಅಕ್ಷರಾನ ಬೇಕೂಂತಲೇ ಡೊಂಕು ಬರೀಬೇಕು. ಆಗ ಛತ್ರಿ ಮೇಲೆ ನೆಟ್ಟಗೆ ಕೂರುತ್ತೆ. ಎಷ್ಟು ಡೊಂಕು ಅನ್ನೋದಕ್ಕೆ ಅಳತೆ ಇಲ್ಲ, ಬಟ್ಟೇನ ಎರಡು ಬೆರಳಲ್ಲಿ ಎಳೆದು ನೋಡಿ ತಿಳ್ಕೋಬೇಕು. ಎರಡು ವರ್ಷಕ್ಕೆ ಹೊಲಿಗೆ, ಕಡ್ಡಿ ಕಟ್ಟೋದು, ಈ ಡೊಂಕು ಎಲ್ಲಾ ನನ್ನ ಬೆರಳಿಗೆ ಬಂತು. ಬಂತು ಅಂತ ಗೊತ್ತಾದದ್ದೇ ಭಯವಾಯ್ತು. ಅಯ್ಯೋ, ಮೇಸ್ತ್ರಿಗಳು ಇಳಿದರೆ ಅಟ್ಟ ನನ್ನದೇ! "ನಮ್ಮನೆ ಮಗಳ ಥರ ಕಣ್ರೀ, ಎಲ್ಲಿಗೂ ಹೋಗಲ್ಲ" ಅಂತ ಯಜಮಾನರು ಹೇಳೋರು, ಅಪ್ಪ ಹೂಂ ಅನ್ನೋರು. ಯಾರಿಗೂ ಹೇಳದೆ ಒಂದು ಶಾಲೆಗೆ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ.

ಒಂದು ದಿನ ಯಜಮಾನರು, ಮಿಠಾಯಿ ಅಂಗಡಿಗೆ ತೋರಿಸೋ ಮಾದರಿ ಛತ್ರೀನ ನಾನೊಬ್ಬಳೇ ಮಾಡಲಿ ಅಂದರು. ಸರಿ ಬಂದರೆ ಮೇಸ್ತ್ರಿಗಳಿಗೆ ಬಿಡುಗಡೆ. ಆವತ್ತು ಅವರು ಒಗೆದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಕೊಂಡು ಬಂದಿದ್ದರು. ನಾನು ಟ್ರೇಸಿಂಗ್ ಪೇಪರ್ ಮೇಲೆ ಎಷ್ಟು ಬೇಕೋ ಅಷ್ಟೇ ಡೊಂಕಾಗಿ ಬರೆದೆ. ಸ್ವಲ್ಪ ಹೊತ್ತು ನೋಡಿದೆ. ಮುದುರಿ ಕಸದ ಬುಟ್ಟಿಗೆ ಹಾಕಿದೆ. ಇನ್ನೊಂದು ಹಾಳೆ ತಗೊಂಡು ಸ್ಕೇಲ್ ಇಟ್ಟು ನೆಟ್ಟಗೆ ಬರೆದು, ಅದನ್ನೇ ಅಚ್ಚು ಹಾಕಿದೆ.

ಯಜಮಾನರು ಛತ್ರೀನ ಬೀದಿಗೆ ತಂದು ಬಿಚ್ಚಿದರು.

"ಏನಮ್ಮಾ ಇದು, ಅಕ್ಷರ ಕುಡಿದೋರ ಥರ ಓಲಾಡ್ತಿವೆ?"

ನಾನು ತಲೆ ತಗ್ಗಿಸಿದೆ. ಮೇಸ್ತ್ರಿಗಳು ನನ್ನನ್ನೇ ನೋಡಿದರು... "ಕೂಸಿಗಿನ್ನೂ ಕೈ ಕೂತಿಲ್ಲ, ಬುಡಿ ಸ್ವಾಮಿ" ಅಂದರು. ಬೆನ್ನು ಬಗ್ಗಿಸಿ ಏಣಿ ಹತ್ತಿದರು.

ಎರಡು ತಿಂಗಳಿಗೆ ಶಾಲೆ ಕೆಲಸ ಸಿಕ್ಕಿತು. ಕೈ ಕೂರದೋಳು ಅಂತ ಯಜಮಾನರು ತಡೆಯಲೂ ಇಲ್ಲ. ಬಚಾವಾದೆ ಅಂದುಕೊಂಡೆ. ಮುಂದೆ ಆ ಬೀದಿ ಕಡೆ ಹೋಗೋಕೂ ಮುಖ ಇರಲಿಲ್ಲ. ಆಮೇಲೆ ಯಾರೂ ಕಲಿಯೋಕೆ ಬರಲಿಲ್ಲವಂತೆ. ಏಳೆಂಟು ವರ್ಷ ಕಳೆದ ಮೇಲೆ, ಅದೇ ಅಟ್ಟದಲ್ಲಿ ಮಧ್ಯಾಹ್ನ ಒರಗಿದ ಮೇಸ್ತ್ರಿಗಳು ಮತ್ತೆ ಏಳಲಿಲ್ಲ ಅಂತ ಸುದ್ದಿ ಬಂತು.

ಅವರ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಮಂಡಕಳ್ಳಿಗೆ ಹೋದೆ. ಜಗಲಿ ಖಾಲಿ ಇತ್ತು. ಅವರ ಹೆಂಡತಿ ಒಳಗಿಂದ ಒಂದು ಹಾಳೆ ತಂದು ನನ್ನ ಕೈಗಿಟ್ಟರು. ಮುದುರಿದ್ದನ್ನ ನೀಟಾಗಿ ತೀಡಿ ಮಡಚಿದ ಟ್ರೇಸಿಂಗ್ ಪೇಪರ್. ನಾನು ಬುಟ್ಟಿಗೆ ಹಾಕಿದ್ದೇ.

"ನೀ ಮಾಡಿದ್ ಛತ್ರಿ ಕೆಟ್ಟೋಯ್ತಲ್ಲವ್ವ, ಆವತ್ತೇ ತಂದಿದ್ರು. ಇದ್ನ ಯಜಮಾನ್ರಿಗೆ ತೋರ್ಸಿದ್ರೆ ಬಂದ್ಬುಡ್ಬೋದಿತ್ತಲ್ಲ ಅಂದೆ. ಪಾಪ, ಕೂಸು ಆ ಅಟ್ಟದಲ್ಲಿ ಸಿಕ್ಕಾಕತದೆ, ಬುಡು ಅಂದ್ರು."

ನನಗೆ ಅಳೋಕೂ ನಾಚಿಕೆಯಾಯ್ತು.

ಮೊನ್ನೆ ಆ ಒಡವೆ ಅಂಗಡಿ ಛತ್ರೀನ ಮಡಚಿ ಮೂಲೆಗಿಟ್ಟು, ಬೀರುವಿಂದ ಆ ಹಾಳೆ ತೆಗೆದೆ. ನಾನು ಈ ಜನ್ಮದಲ್ಲಿ ಬರೆದ ಅತಿ ಒಳ್ಳೆ ಅಕ್ಷರ ಅದರಲ್ಲಿವೆ. ಯಾವ ಛತ್ರಿ ಮೇಲೂ ಅವು ಕೂರಲಿಲ್ಲ. ತಪ್ಪಾಯ್ತು ಮೇಸ್ತ್ರಿಗಳೇ, ಅನ್ನೋಕೆ ಅವರಿಲ್ಲ...