ಬರದೇ ಇದ್ದವರ ಪಟ್ಟಿ

ಆಸ್ಪತ್ರೆಯೆಂದ ಕೂಡಲೇ ವೈದ್ಯರ ಹೆಸರು, ದಾದಿಯರ ಮುಖ ನೆನಪಿಗೆ ಬರುವುದು ಸಹಜ. ಮಗುವಿಗೆ ಹಿಂದಿನ ಸಲ ಯಾವ ಔಷಧ ಒಗ್ಗಲಿಲ್ಲ, ಮುಂದಿನ ಲಸಿಕೆ ಯಾವ ದಿನ ಎಂಬುದನ್ನು ಜೋಪಾನವಾಗಿ ಕಾಪಾಡಿ, ಕೇಳಿದ ಕ್ಷಣದಲ್ಲಿ ವೈದ್ಯರ ಮುಂದಿಡುವ ದಾಖಲೆ ವಿಭಾಗದವರನ್ನು ನೆನೆಯುವವರು ಕಡಿಮೆ. ಅಂಥ ಮರೆಯ ಕೆಲಸವನ್ನು ಮೂವತ್ತನಾಲ್ಕು ವರ್ಷ ಮಾಡಿ, ನಮ್ಮ ಮಕ್ಕಳ ಆಸ್ಪತ್ರೆಯ ದಾಖಲೆಗಳನ್ನು ರಟ್ಟಿನ ಫೈಲುಗಳಿಂದ ಡೇಟಾಬೇಸಿಗೆ ದಾಟಿಸಿ, ತಾವು ಒಬ್ಬರೇ ಕಲಿತದ್ದನ್ನು ಆನ್‌ಲೈನ್ ಪ್ರಶ್ನೋತ್ತರ ತಾಣವೊಂದರಲ್ಲಿ ನೂರಾರು ಹೊಸಬರಿಗೆ ಹಂಚಿದ ನಮ್ಮ ವಿಭಾಗದ ಮುಖ್ಯಸ್ಥರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ನಾನೂ ಬರೆಯಬೇಕೆಂದು ಸಂಪಾದಕರು ಹೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಒಪ್ಪಿಕೊಂಡಷ್ಟು ಸುಲಭವಾಗಿ ಬರೆಯಲು ಆಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಎರಡು ಸಾಲು ಬರೆಯೋಣವೆಂದು ಕೂತರೆ ಹಾಲು ಉಕ್ಕಿರುತ್ತದೆ. ಒಲೆ ಒರೆಸಿ ಬರುವಷ್ಟರಲ್ಲಿ ಸಾಲು ಮರೆತಿರುತ್ತದೆ. ಹಾಗಾಗಿ ಈ ಬರಹ ಅಲ್ಲಲ್ಲಿ ತುಂಡಾಗಿದ್ದರೆ ಓದುಗರು ಮನ್ನಿಸಬೇಕು.

ಅವರು ಕೆಲಸಕ್ಕೆ ಸೇರಿದ್ದು ಫೈಲು ಎತ್ತಿಕೊಡುವವರಾಗಿ. ನೆಲಮಾಳಿಗೆಯ ದಾಖಲೆ ಕೊಠಡಿಯಲ್ಲಿ ಸೂರು ಮುಟ್ಟುವ ಕಪಾಟುಗಳು, ಒಂದು ಮರದ ಏಣಿ, ಹಗಲೂ ಉರಿಯುವ ಒಂದು ಟ್ಯೂಬ್‌ಲೈಟು. ಮೇಲಿನಿಂದ ಚೀಟಿ ಬಂದರೆ ಏಣಿ ಹತ್ತಿ ಫೈಲು ತೆಗೆದು ಕಳಿಸಬೇಕು. ಹೀಗೆ ಹತ್ತು ವರ್ಷ ಕಳೆದ ಮೇಲೆ ಕಂಪ್ಯೂಟರು ಬಂತು. ಅದರ ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಕೈಪಿಡಿಯೂ ಬಂತು. ಕಂಪ್ಯೂಟರಿಗೆ ಬಟ್ಟೆಯ ಹೊದಿಕೆ ಹೊಲಿಸಿದರು, ಕೈಪಿಡಿಯನ್ನು ಬಾಗಿಲು ಬಡಿಯದಂತೆ ಒತ್ತಾಗಿ ಇಟ್ಟರು. ಬಾಗಿಲ ಬುಡದಿಂದ ಅದನ್ನೆತ್ತಿ ಧೂಳು ಕೊಡವಿ, ಶಾಲೆಯ ಪುಸ್ತಕದಂತೆ ಕಂದು ಕಾಗದದ ರಟ್ಟು ಹಾಕಿ, ಎರಡು ವರ್ಷ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದಿ ಮುಗಿಸಿದವರು ಇವರು. "ದೊಡ್ಡಸ್ತಿಕೆ ಏನಿಲ್ಲಮ್ಮ, ಕೇಳೋಣ ಅಂದ್ರೆ ಯಾರೂ ಇರ್ಲಿಲ್ಲ, ಅದಕ್ಕೆ ಓದ್ದೆ" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು.

ಹೀಗೆ ಕಲಿತವರಿಗೆ, ಪುಟ ತಿರುಗಿಸದೆ ಪ್ರಶ್ನೆ ಕೇಳುವವರನ್ನು ಕಂಡರೆ ಸಿಟ್ಟು ಬರುವುದುಂಟು. ಇವರಿಗೆ ಸಿಟ್ಟು ಬರುತ್ತಿರಲಿಲ್ಲ. ಯಾರೇ ಬಂದು ಏನೇ ಕೇಳಲಿ, ಕನ್ನಡಕದ ಮೇಲಿನಿಂದ ನೋಡಿ ಒಂದೇ ಮಾತು: "ನೋಡಿದ್ರಾ?" ಕೈಪಿಡಿಯಲ್ಲಿ ನೋಡಿದ್ರಾ, ಹಳೇ ಪ್ರಶ್ನೆಗಳಲ್ಲಿ ನೋಡಿದ್ರಾ, ಕಂಪ್ಯೂಟರು ಕೆಂಪಕ್ಷರದಲ್ಲಿ ಏನು ಬರೆದಿದೆಯೋ ಅದನ್ನಾದರೂ ಓದಿ ನೋಡಿದ್ರಾ? ಹಾಗಾಗಿ ಆಸ್ಪತ್ರೆಯಲ್ಲಿ ಅವರಿಗೆ "ನೋಡಿದ್ರಾ ಸಾರ್" ಎಂದೇ ಹೆಸರು. ಅವರ ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ ಒಂದಿರುತ್ತಿತ್ತು. ಎಡಪುಟದಲ್ಲಿ ಪ್ರಶ್ನೆ ಕೇಳುವವರು ಬರೆಯಬೇಕು: ನನಗೆ ಬೇಕಾದದ್ದು ಏನು, ನಾನು ಮಾಡಿದ್ದು ಏನು, ಬಂದದ್ದು ಏನು, ಎಲ್ಲೆಲ್ಲಿ ಹುಡುಕಿದೆ. ಬಲಪುಟ ಉತ್ತರಕ್ಕೆ. ಆ ನೋಟ್‌ಬುಕ್ಕನ್ನು ನಾನು ಮೊನ್ನೆ ಮತ್ತೆ ತಿರುವಿ ಹಾಕಿದೆ. ಅರ್ಧಕ್ಕಿಂತ ಹೆಚ್ಚು ಬಲಪುಟಗಳಲ್ಲಿರುವುದು ಅವರ ಅಕ್ಷರವಲ್ಲ, ಪ್ರಶ್ನೆ ಕೇಳಿದವರ ಅಕ್ಷರವೇ. ಎಡಪುಟ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೊಳೆದು, ತಾವೇ ಬರೆದುಕೊಂಡು ನಾಚಿಕೊಂಡು ಹೋದವರು ಅವರೆಲ್ಲ.

ನಾನು ಸೇರಿದ್ದು ಎಂಟು ವರ್ಷದ ಹಿಂದೆ. ಮಕ್ಕಳನ್ನು ಬೆಳೆಸುತ್ತಾ ಒಂಬತ್ತು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದವಳು. ಆರು ತಿಂಗಳ ಪರೀಕ್ಷಾ ಅವಧಿ. ಮೊದಲ ತಿಂಗಳಲ್ಲೇ ಒಂದು ದಿನ ಮಗಳ ಶಾಲೆಗೆ ದಿಢೀರ್ ರಜೆ ಕೊಟ್ಟರು. ಬಿಡಲು ಮನೆಯಲ್ಲಿ ಯಾರೂ ಇಲ್ಲದೆ ಅವಳನ್ನು ಕರೆದುಕೊಂಡೇ ಹೋಗಿ, ಬಾಗಿಲಲ್ಲಿ ನಿಂತು ಕ್ಷಮೆ ಕೇಳತೊಡಗಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ ತಮ್ಮ ಪಕ್ಕದ ಕುರ್ಚಿ ಎಳೆದು, ಹಳೆಯ ಕಾರ್ಡುಗಳ ಖಾಲಿ ಬೆನ್ನನ್ನು ಅವಳ ಮುಂದಿಟ್ಟು ಚಿತ್ರ ಬರೆಯಲು ಹೇಳಿದರು. ಅವಳು ಸುಮ್ಮನಿರುವವಳಲ್ಲ. 

"ತಾತ, ಈ ಏಣಿಗೆ ಎಷ್ಟು ಮೆಟ್ಟಿಲಿದೆ?" 

"ಎಣಿಸಿ ನೋಡಿದ್ಯಾ ಪುಟ್ಟಿ?" 

"ನಿಮಗೆ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ ತಾತ, ಪರವಾಗಿಲ್ಲ." 

ಅವರು ನಕ್ಕ ನಗೆಗೆ ಲಸಿಕೆ ಕೊಠಡಿಯ ಸಿಸ್ಟರ್ ಏನಾಯಿತೆಂದು ಇಣುಕಿ ನೋಡಿದರು. ಮಗಳು ಹನ್ನೊಂದು ಎಂದು ಎಣಿಸಿ ಬಂದಳು.

ಮಗಳಿಗಿದ್ದ ಧೈರ್ಯ ನನಗಿರಲಿಲ್ಲ. ಮೂರನೆಯ ತಿಂಗಳಿನಲ್ಲಿ ನಡೆದದ್ದನ್ನು ಇಲ್ಲಿ ಬರೆಯಬೇಕೋ ಬಾರದೋ ಎಂದು ಬಹಳ ಯೋಚಿಸಿದೆ. ಅದನ್ನು ಬಿಟ್ಟರೆ ಅವರ ಬಗ್ಗೆ ಬರೆದಂತಾಗುವುದಿಲ್ಲವೆಂದು ಬರೆಯುತ್ತಿದ್ದೇನೆ. ಸಿಸ್ಟರ್ ನನ್ನನ್ನು ಒಂದು ಪಟ್ಟಿ ಕೇಳಿದರು. ಮೊದಲ ಸುತ್ತಿನ ಲಸಿಕೆ ಹಾಕಿಸಿಕೊಂಡು, ಹೇಳಿದ ದಿನಕ್ಕೆ ಎರಡನೆಯ ಸುತ್ತಿಗೆ ಬಾರದ ಮಕ್ಕಳ ಪಟ್ಟಿ. ಡೇಟಾಬೇಸಿನಲ್ಲಿ ಮಕ್ಕಳ ವಿವರ ಒಂದು ಕೋಷ್ಟಕದಲ್ಲಿ, ಅಂದರೆ ಟೇಬಲ್‌ನಲ್ಲಿದೆ, ಹಾಕಿದ ಲಸಿಕೆಗಳು ಇನ್ನೊಂದರಲ್ಲಿ. ಎರಡನ್ನೂ ಜೋಡಿಸಿ ಕಂಪ್ಯೂಟರನ್ನು ಕೇಳಿದೆ. ಹತ್ತೊಂಬತ್ತು ಹೆಸರು ಬಂತು. ಅಚ್ಚುಕಟ್ಟಾಗಿ ಮುದ್ರಿಸಿ ಕೊಟ್ಟೆ. ಸಂಜೆಗೆ ಸಿಸ್ಟರ್ ಕಾಗದ ಹಿಡಿದು ಬಂದರು. 

"ಏನ್ರೀ ಇದು? ಫೋನ್ ಮಾಡಿದ್ರೆ ಎಲ್ರೂ ನಮ್ಮ ಮಗುಗೆ ಹಾಕ್ಸಿ ಆಯ್ತಲ್ಲ ಅಂತಾರೆ. ಇದು ತಡವಾಗಿ ಬಂದವರ ಪಟ್ಟಿ. ಬರದೇ ಇದ್ದವರು ಎಲ್ಲಿ?"

ಬಾರದ ಮಗುವಿಗೆ ಎರಡನೆಯ ಟೇಬಲ್‌ನಲ್ಲಿ ಎರಡನೆಯ ಸುತ್ತಿನ ಸಾಲೇ ಇರುವುದಿಲ್ಲ. ಎರಡನ್ನೂ ಜೋಡಿಸಿದರೆ ಎರಡೂ ಕಡೆ ಇರುವವರು ಮಾತ್ರ ಕಾಣುತ್ತಾರೆ. ಯಾರನ್ನು ಹುಡುಕುತ್ತಿದ್ದೇವೋ ಅವರೇ ಮೊದಲು ಜಾರಿಹೋಗುತ್ತಾರೆ. ಕೈಪಿಡಿಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಅಂದು ನನಗೆ ಅದು ತಿಳಿದಿರಲಿಲ್ಲ. ಸಾರ್ ಅವರ ಮುಂದೆ ಹೋಗಿ ನಿಲ್ಲಲು ಧೈರ್ಯ ಸಾಲಲಿಲ್ಲ. ನೋಡಿಲ್ಲ ಎಂದು ಹೇಳಬೇಕಲ್ಲ! ಸಿಸ್ಟರ್ ಹತ್ತಿರ, "ಸಿಸ್ಟಮ್ ಸ್ವಲ್ಪ ಕೆಟ್ಟಿದೆ, ನಾಳೆ ಕೊಡ್ತೀನಿ" ಎಂದುಬಿಟ್ಟೆ. ಮನೆಗೆ ಬಂದು ಒಂದು ಆನ್‌ಲೈನ್ ತಾಣದಲ್ಲಿ "ಪುಟ್ಟಿಯ ಅಮ್ಮ" ಎಂಬ ಹೆಸರಿನಲ್ಲಿ ಪ್ರಶ್ನೆ ಹಾಕಿದೆ: ಎರಡು ಟೇಬಲ್‌ಗಳಿವೆ, ಅವುಗಳ ಹೆಸರು ಇಂತಿಂಥದು, ಬಾರದವರು ಬರುತ್ತಿಲ್ಲ, ಏಕೆ? ಯಾವುದಕ್ಕಾಗಿ ಕೇಳುತ್ತಿದ್ದೇನೆಂದು ಬರೆಯಲಿಲ್ಲ. ಏನು ಮಾಡಿ ನೋಡಿದೆನೆಂದೂ ಬರೆಯಲಿಲ್ಲ.

ಮೂರು ಉತ್ತರ ಬಂದವು. ಒಬ್ಬರು, ಅ ಆ ಇ ಈ ಕಲಿತು ಬನ್ನಿ ಎಂದು ಮೂತಿಗೆ ತಿವಿದರು. ಇನ್ನೊಬ್ಬರು, ಇದನ್ನು ಹಾಗೇ ಅಂಟಿಸಿ ಎಂದು ಕಂಪ್ಯೂಟರಿಗೆ ಕೊಡುವ ಒಂದು ಸಾಲಿನ ಆದೇಶ ಕೊಟ್ಟರು. ಏಣಿಯ ಚಿತ್ರ ಹಾಕಿಕೊಂಡಿದ್ದ ಮೂರನೆಯವರು, "ಜೋಡಣೆಯ ಅಧ್ಯಾಯ ಓದಿ. ನೀವು ಏನೇನು ಮಾಡಿ ನೋಡಿದಿರೋ ಬರೆಯಿರಿ, ಅಲ್ಲಿಂದ ಮುಂದೆ ಮಾತಾಡೋಣ" ಎಂದರು. ಮೂರನೆಯವರ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು. ಎರಡನೆಯವರ ಸಾಲನ್ನು ಅರ್ಥವಾಗದೆಯೇ ಅಂಟಿಸಿದೆ. ಮೊನ್ನೆ ಹುಟ್ಟಿದ ಕೂಸಿನಿಂದ ಹಿಡಿದು ಹೈಸ್ಕೂಲು ಮುಟ್ಟಿದವರ ತನಕ ಸಾವಿರದಿನ್ನೂರು ಹೆಸರು ಬಂತು. ಅದನ್ನು ಕೊಡುವಂತಿಲ್ಲ, ಬಿಡುವಂತಿಲ್ಲ. ನಾಳೆ, ನಾಳೆ ಎನ್ನುತ್ತಾ ಒಂಬತ್ತು ದಿನ ಕಳೆದೆ. ಆ ಒಂಬತ್ತು ದಿನವೂ ಮನೆಯಲ್ಲಿ ಉಪ್ಪು ಹಾಕಿದ್ದಕ್ಕೇ ಮತ್ತೆ ಉಪ್ಪು ಹಾಕುತ್ತಿದ್ದೆ.

ಹತ್ತನೆಯ ದಿನ ಸಿಸ್ಟರ್ ನೇರವಾಗಿ ಸಾರ್ ಅವರ ಕೊಠಡಿಗೆ ನಡೆದರು. 

"ನಿಮ್ಮ ಸಿಸ್ಟಮ್ ಯಾವಾಗ ಸಾರ್ ಸರಿಯಾಗೋದು? ಮಕ್ಕಳ ದಿನ ತಪ್ಪಿ ಹೋಗ್ತಿದೆ." 

"ನಮ್ಮ ಸಿಸ್ಟಮ್‌ಗೆ ಏನಾಗಿದೆ?" 

ಅವರಿಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಎಲ್ಲವನ್ನೂ ಹೇಳಿದೆ. ಅಂದು ಅವರು "ನೋಡಿದ್ರಾ" ಎನ್ನಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕೂತು ಐದು ನಿಮಿಷದಲ್ಲಿ ಪಟ್ಟಿ ತೆಗೆದರು. ಐವತ್ತೇಳು ಮಕ್ಕಳು.

ಮಧ್ಯಾಹ್ನ ಆಸ್ಪತ್ರೆಯ ಸೂಪರಿಂಟೆಂಡೆಂಟರು ಎಲ್ಲರನ್ನೂ ಕರೆಸಿದರು. "ಗೊತ್ತಿಲ್ಲ ಅಂದ್ರೆ ಕೇಳ್ಬೇಕು. ಸುಳ್ಳು ಹೇಳಿ ಒಂಬತ್ತು ದಿನ ತಳ್ಳಿದವರನ್ನ ನಂಬಿ ಮಕ್ಕಳ ದಾಖಲೆ ಕೊಡೋದು ಹೇಗ್ರೀ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಕೆಲಸ ಹೋಯಿತೆಂದುಕೊಂಡೆ. ಆಗ ಸಾರ್ ಎದ್ದು ನಿಂತರು. 

"ಸುಳ್ಳು ಹೇಳಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಇವ್ರು ಕೇಳಿದ್ರು ಸಾರ್. ಆನ್‌ಲೈನ್‌ನಲ್ಲಿ ಕೇಳಿದ್ರು. ಆ ಟೇಬಲ್‌ಗಳಿಗೆ ಹೆಸರಿಟ್ಟೋನು ನಾನೇ, ನೋಡಿದ ತಕ್ಷಣ ನಮ್ಮ ಆಫೀಸಿನವರೇ ಅಂತ ಗೊತ್ತಾಯ್ತು. ಓದಿ ಕಲೀಲಿ ಅಂತ ಅಧ್ಯಾಯದ ಹೆಸರು ಬರೆದು ಸುಮ್ನಾದೆ. ಯಾಕೆ ಕೇಳ್ತಿದೀರಮ್ಮ ಅಂತ ಒಂದು ಮಾತು ಕೇಳಿದ್ರೆ ಅವತ್ತೇ ಮುಗೀತಿತ್ತು. ಒಂಬತ್ತು ದಿನದಲ್ಲಿ ನನ್ನ ಪಾಲೂ ಇದೆ. ವರದಿ ಬರೆಯೋದಾದ್ರೆ ಇಬ್ಬರ ಹೆಸರೂ ಬರೀರಿ."

ಸಾರ್ ಆ ತಾಣದಲ್ಲಿ ಉತ್ತರ ಬರೆಯುತ್ತಾರೆಂದೂ ಏಣಿಯ ಚಿತ್ರದ ಆ ಮೂರನೆಯವರು ಅವರೇ ಎಂದೂ ನನಗೆ ತಿಳಿದದ್ದು ಆಗಲೇ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೂಪರಿಂಟೆಂಡೆಂಟರು, ಮೊದಲು ಆ ಐವತ್ತೇಳು ಮಕ್ಕಳನ್ನು ಕರೆಸಿ, ಆಮೇಲೆ ನೋಡೋಣ ಎಂದರು.

ಸಿಸ್ಟರ್, ಸಾರ್, ನಾನು, ಮೂವರೂ ಫೋನು ಹಿಡಿದು ಕೂತೆವು. ಎರಡು ದಿನದಲ್ಲಿ ಐವತ್ತಾರು ಮನೆಗಳು ಸಿಕ್ಕವು. ಒಂದು ಫೋನು ಮಾತ್ರ ಸತ್ತಿತ್ತು. ಸಾರ್ ಕಾರ್ಡಿನಲ್ಲಿದ್ದ ವಿಳಾಸ ಬರೆದುಕೊಂಡು ಬ್ಯಾಗು ಹೆಗಲಿಗೇರಿಸಿದರು, ನಾನೂ ಹೊರಟೆ. ಎರಡು ಬಸ್ಸು ಬದಲಿಸಿ ಹೋದರೆ ಆ ಮನೆಯವರು ಬಿಟ್ಟುಹೋಗಿ ತಿಂಗಳಾಗಿತ್ತು. ಮೂಲೆಯ ಅಂಗಡಿಯಲ್ಲಿ ಕೇಳಿ, ಇಸ್ತ್ರಿಯವರ ಹತ್ತಿರ ಕೇಳಿ, ಕೊನೆಗೆ ಮೂರು ಬೀದಿ ಆಚೆ ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಮಗುವೂ ತಾಯಿಯೂ ಸಿಕ್ಕರು. ಆ ತಾಯಿ ಮಗುವಿನ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು. 

"ಒಂದೇ ಸಲ ಅಂದ್ಕೊಂಡಿದ್ದೆ ಸಾರ್, ಮತ್ತೆ ಬರ್ಬೇಕು ಅಂತ ಯಾರೂ ಹೇಳ್ಲೇ ಇಲ್ಲ." 

"ಹೌದಮ್ಮ, ನಾವು ಹೇಳ್ಬೇಕಾಗಿತ್ತು. ಅದನ್ನ ಹೇಳೋಕೇ ಬಂದಿದ್ದು." 

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅವಳು ಸಾಲಿನಲ್ಲಿದ್ದಳು. ಐವತ್ತೇಳೂ ಮುಗಿದವು. ನನ್ನ ಕೆಲಸ ಉಳಿಯಿತು.

ಇಷ್ಟಾದ ಮೇಲೆ ಅವರು ತಮ್ಮ ಪದ್ಧತಿಯನ್ನೇ ಬಿಟ್ಟರು ಎಂದು ಯಾರಾದರೂ ಎಣಿಸಿದರೆ ಅವರನ್ನು ಅರಿತಂತಲ್ಲ. ಅದೇ ವಾರ ಕೈಪಿಡಿಯನ್ನು ನನ್ನ ಕೈಗಿತ್ತು ಜೋಡಣೆಯ ಅಧ್ಯಾಯ ಓದಿಸಿದರು. ಎಡಪುಟವನ್ನೂ ಬಲಪುಟವನ್ನೂ ನಾನೇ ಬರೆಯುವ ತನಕ ಬಿಡಲಿಲ್ಲ. ಆದರೆ ನೋಟ್‌ಬುಕ್ಕಿನ ಎಡಪುಟಗಳ ನೆತ್ತಿಯ ಮೇಲೆ ತಮ್ಮ ಕೈಯಿಂದಲೇ ಒಂದು ಹೊಸ ಸಾಲು ಬರೆದರು: "ಇದಕ್ಕಾಗಿ ಯಾರು ಕಾಯುತ್ತಿದ್ದಾರೆ?" ಯಾರಾದರೂ ಕಾಯುತ್ತಿದ್ದರೆ ಓಡಿ ಬರಬೇಕು, ಓದುವುದು ಆಮೇಲೆ. ಯಾರೂ ಕಾಯುತ್ತಿಲ್ಲವಾದರೆ ಮೊದಲು ಓದಬೇಕು, ಮಾಡಿ ನೋಡಬೇಕು, ಆಮೇಲೆ ಬರಬೇಕು. ಆನ್‌ಲೈನ್‌ನಲ್ಲೂ ಅವರು ಮೊದಲು ಕೇಳುವುದು ಇದನ್ನೇ. ಒಬ್ಬ ಹುಡುಗಿ, "ನಾಳೆ ಪರೀಕ್ಷೆ ಸಾರ್, ರಿಸಲ್ಟಿಗೆ ನಮ್ಮಪ್ಪ ಕಾಯ್ತಿದಾರೆ" ಎಂದು ಬರೆದಿದ್ದಳು. "ಹಾಗಾದ್ರೆ ಅಪ್ಪನನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಮೂರನೇ ಅಧ್ಯಾಯ ಓದಿ" ಎಂಬ ಉತ್ತರ ಹೋಯಿತು. ಅವಳು ಪಾಸಾದಳು, ಅಪ್ಪನಿಗೂ ಅರ್ಧ ಅರ್ಥವಾಯಿತಂತೆ.

ಮನೆಯಲ್ಲಿ ಮಕ್ಕಳು ಏನಾದರೂ ಕೇಳಿದಾಗ ಥಟ್ಟನೆ ಉತ್ತರ ಹೇಳಿ ಕಳಿಸಿದರೆ ನಮ್ಮ ಕೆಲಸ ಬೇಗ ಮುಗಿಯುತ್ತದೆ. ಹುಡುಕಿಕೋ ಎಂದು ಗದರಿದರೆ ಇನ್ನೂ ಬೇಗ ಮುಗಿಯುತ್ತದೆ. ಕೇಳಿದವರ ಮುಖ ನೋಡಿ, ಇದಕ್ಕೆ ಉತ್ತರ ಕೊಡಬೇಕೋ ಪುಸ್ತಕ ಕೊಡಬೇಕೋ ಎಂದು ಅಳೆಯುವುದಕ್ಕೆ ತಾಳ್ಮೆ ಬೇಕು. ಐವತ್ತು ದಾಟಿದ ಒಬ್ಬರು, ಹತ್ತು ಹದಿನೈದು ವರ್ಷ ತಾವು ನಂಬಿದ ಪದ್ಧತಿಯಲ್ಲಿ ಒಂದು ಬಿರುಕು ಕಂಡಾಗ ಅದನ್ನು ಎಲ್ಲರೆದುರು ಒಪ್ಪಿ ಸರಿಮಾಡಿಕೊಂಡದ್ದನ್ನು ಹತ್ತಿರದಿಂದ ಕಂಡವಳು ನಾನು.

ಅಂದಿನಿಂದ ಪ್ರತಿ ಸೋಮವಾರ ಬಾರದವರ ಪಟ್ಟಿ ತೆಗೆಯುವುದು ನಮ್ಮ ವಿಭಾಗದ ಮೊದಲ ಕೆಲಸ. ಹತ್ತು, ಆರು, ಹದಿಮೂರು ಹೀಗೆ ಬರುತ್ತದೆ, ಕರೆದು ಹೇಳುತ್ತೇವೆ. ಕಳೆದ ಸೋಮವಾರ, ಎಂಟು ವರ್ಷದಲ್ಲಿ ಮೊದಲ ಬಾರಿಗೆ, ಒಂದು ಹೆಸರೂ ಬರಲಿಲ್ಲ. ನಾನು ಸಂಭ್ರಮದಿಂದ ಹೇಳಲು ಹೋದರೆ ಸಾರ್ ನಗಲಿಲ್ಲ. ಲಸಿಕೆ ಕೊಠಡಿಯ ದಪ್ಪ ರಿಜಿಸ್ಟರ್ ತರಿಸಿ, ಎರಡನೆಯ ಸುತ್ತಿನ ದಿನ ಬಂದಿದ್ದ ಇನ್ನೂರ ಹನ್ನೆರಡು ಮಕ್ಕಳನ್ನು ಒಂದೊಂದಾಗಿ ಬೆರಳಿಟ್ಟು ತಾಳೆ ನೋಡತೊಡಗಿದರು. 

ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಖಾಲಿ ಪಟ್ಟಿಗೂ ಇಷ್ಟು ಹೊತ್ತಾ ಸಾರ್?" 

"ಖಾಲಿ ಅಂತ ಕಂಪ್ಯೂಟರ್ ಹೇಳ್ತಿದೆ ಸಿಸ್ಟರ್. ಒಂದ್ಸಲ ನಾವೂ ಹೇಳೋಣ." 

ಊಟದ ಹೊತ್ತು ಮೀರಿತು. ಇನ್ನೂರ ಹನ್ನೆರಡನೆಯ ಮಗುವಿನ ಮುಂದೆಯೂ ಗುರುತು ಬಿದ್ದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಾ ಬಂದಿದಾರೆ" ಎಂದರು.

ನಿವೃತ್ತರಾದ ಮೇಲೂ ಬೆಳಗಿನ ಹೊತ್ತು ಆನ್‌ಲೈನ್‌ನಲ್ಲಿ ಹೊಸಬರ ಜೊತೆ ಕೂರುತ್ತೇನೆಂದು ಮಾತು ಕೊಟ್ಟಿದ್ದಾರೆ. ಅವರ ಕಣ್ಣು, ಮಂಡಿ, ತಾಳ್ಮೆ ಮೂರೂ ಗಟ್ಟಿಯಾಗಿರಲಿ. ಆ ಬೆಳಗುಗಳು ಇನ್ನೂ ಬಹಳ ವರ್ಷ ಒಳ್ಳೆಯ ಪ್ರಶ್ನೆಗಳಿಂದ ತುಂಬಿರಲಿ. ನಮ್ಮ ಸೋಮವಾರದ ಪಟ್ಟಿ ಆಗಾಗ ಖಾಲಿ ಬರಲಿ, ಬಂದ ದಿನ ನಾವು ಒಬ್ಬೊಬ್ಬರನ್ನೂ ಎಣಿಸಿ ಮುಗಿಸಿಯೇ ಅವರಿಗೆ ಫೋನು ಮಾಡುವಂತಾಗಲಿ.