ಗುಲಾಮನಿಗೆ ಹತ್ತು, ರಾಜನಿಗೆ ಸೊನ್ನೆ

ಮಗಳ ಶಾಲೆಯಿಂದ ಹೋದ ವಾರ ಒಂದು ಇಸ್ಪೀಟು ಕಟ್ಟು ಬಂತು. ಆಡುತ್ತಾ ಆಡುತ್ತಾ ಕೂಡಿಸುವ ಲೆಕ್ಕ ಕಲಿಸಬೇಕಂತೆ. 'ಹೊಸ ಪದ್ಧತಿ' ಎಂದರು ಟೀಚರ್. ಹೊಸದಂತೆ! ಎಲೆಗಳನ್ನು ಮೂಸಿ ನೋಡಿದೆ. ಬರೀ ಪ್ಲಾಸ್ಟಿಕ್ಕು. ನಾನು ಲೆಕ್ಕ ಕಲಿತ ಎಲೆಗಳಿಗೆ ಮಿಶ್ರಿಯ ವಾಸನೆ ಇತ್ತು. ನಮಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಖೋಲಿಯ ಕಾಕು ಹಲ್ಲಿಗೆ ತಿಕ್ಕುತ್ತಿದ್ದ ಸುಟ್ಟ ತಂಬಾಕಿನ ಪುಡಿಯ ವಾಸನೆ...

ಬಿಜಾಪುರದ ಕಡೆಯಿಂದ ಬಂದು ಆಂಟಾಪ್ ಹಿಲ್‌ನ ಒಂದೊಂದೇ ಖೋಲಿಯ ಮನೆಗಳ ಚಾಳು ಸೇರಿದ ಮನೆ ನಮ್ಮದು. ಸಹಿ ಮಾಡಲು ಬರುವವರು ಒಬ್ಬರೂ ಇರಲಿಲ್ಲ. ಎರಡನೇ ಇಯತ್ತೆಯಲ್ಲಿ ನಾನು ಲೆಕ್ಕದಲ್ಲಿ ನಪಾಸಾದೆ. ಇನ್ನೊಮ್ಮೆ ನಪಾಸಾದರೆ ಶಾಲೆ ಸಾಕು, ತಮ್ಮನನ್ನು ಆಡಿಸಿಕೊಂಡು ಮನೆಯಲ್ಲಿರಲಿ ಎಂದು ಅಪ್ಪ ಹೇಳಿಬಿಟ್ಟ. ಗೋಡೆಯಾಚೆ ಕಾಕುವಿಗೆ ಅದು ಕೇಳಿಸಿತು. ಮರುದಿನವೇ ನನ್ನನ್ನೂ ಚಾಳಿನ ಒಂದಿಷ್ಟು ಮಕ್ಕಳನ್ನೂ ಕೂರಿಸಿಕೊಂಡು ಗ್ಯಾಲರಿಯಲ್ಲಿ ಎಲೆ ಹರಡಿದಳು.

ಎರಡೆಲೆ ಮಗುಚುವುದು, ಕೂಡಿದ ಮೊತ್ತವನ್ನು ಮೊದಲು ಕೂಗಿದವರಿಗೆ ಎರಡೂ ಎಲೆ. ಆದರೆ ಅವಳ ಆಟದಲ್ಲಿ ಗುಲಾಮನಿಗೆ ಹತ್ತು, ರಾಜ-ರಾಣಿಗೆ ಸೊನ್ನೆ.

"ಹಂಗ್ಯಾಕ, ಕಾಕು?"

"ಗುಲಾಮ ದುಡೀತಾನವಾ. ಅವ್ರಿಬ್ರು ಕುಂತ ಉಣ್ತಾರ. ಕುಂತ ಉಣ್ಣೋರ್ನ ಕೂಡಿಸಿದ್ರ ಏನ್ ಹೆಚ್ಚಾಕ್ಕತಿ?"

ಸೊನ್ನೆ ಕೂಡಿಸಿದರೆ ಲೆಕ್ಕ ಬದಲಾಗುವುದಿಲ್ಲ ಎಂಬುದು ನನ್ನ ತಲೆಗೆ ಇಳಿದದ್ದು ಹಾಗೆ.

ಒಂದು ದಿನ ಚಾಳಿನ ಸೆಕ್ರೆಟರಿ ಬಂದ. "ಹುಡುಗ್ರಿಗೆ ಜುಗಾರಿ ಕಲಸ್ತಿಯೇನ? ನಾಚಿಕಿ ಇಲ್ಲ?" ಎಂದು ನಮ್ಮೆದುರೇ ಕಟ್ಟು ಕಸಿದುಕೊಂಡು ಹೋದ. ಸಂಜೆ ನೋಡಿದರೆ ಅವನೂ ಅವನ ದೋಸ್ತರೂ ಮೆಟ್ಟಿಲ ಕೆಳಗೆ ರಮ್ಮಿ ಆಡುತ್ತಿದ್ದರು. ಎಲೆಗಳ ಬೆನ್ನ ಮೇಲೆ ಕಾಕುವಿನ ಬೆರಳಿನ ಮಿಶ್ರಿ ಕಲೆ ಇತ್ತು! ಇದನ್ನು ಬರೆಯುವಾಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ ನನಗೆ.

ಕಾಕು ಅಳುವವಳಲ್ಲ. ಮರುದಿನ ನಳದ ಸಾಲಿನಲ್ಲಿ ಸೆಕ್ರೆಟರಿ ಬ್ರಷ್ಷು ಕಚ್ಚಿಕೊಂಡು ನಿಂತಿದ್ದ. ಅವನತ್ತ ನೋಡುತ್ತಲೇ ಕೊಡ ಇಳಿಸಿ ನನ್ನನ್ನು ಕೂಗಿದಳು.

"ಏ ಹುಡುಗಿ, ರಾಜಾಗ ಎಂಟು ಕೂಡಿಸಿದ್ರ?"

"ಎಂಟು!"

"ಹಂಗಾರ ರಾಜಾಂದ್ ಏನಾತು?"

"ಸೊನ್ನಿ!"

ಸಾಲಿಗೆ ಸಾಲೇ ನಕ್ಕಿತು. ಅಂದಿನಿಂದ ಎಲೆ ಇಲ್ಲದೆಯೇ ಆಟ ನಡೆಯಿತು. ನಳದ ಹತ್ತಿರ, ಮೆಟ್ಟಿಲ ಮೇಲೆ, ಗೋಡೆಯಾಚೆಯಿಂದ... ನಾನು ಪಾಸಾದೆ.

ಬಿ.ಕಾಂ. ಮುಗಿಸಿದೆ, ನಮ್ಮ ಮನೆತನಕ್ಕೇ ಮೊದಲು. ಯಾರ ಹಂಗಿನಿಂದಲೂ ಅಲ್ಲ ಎಂಬ ಸೊಕ್ಕು ನನಗುಂಟು, ಕಾಕು ಒಬ್ಬಳನ್ನು ಬಿಟ್ಟು. ಆ ವರ್ಷ ಗಣಪತಿ ಮಂಟಪದಲ್ಲಿ ನನಗೆ ಶಾಲು ಹೊದಿಸಿದ್ದು ಯಾರು? ಅದೇ ಸೆಕ್ರೆಟರಿ. "ಇದು ನಮ್ಮ ಚಾಳಿನ ಸಂಸ್ಕಾರ" ಎಂದು ಮೈಕಿನಲ್ಲಿ ಕೂಗಿದ. ಕಾಕು ಸತ್ತು ವರ್ಷವೂ ಆಗಿರಲಿಲ್ಲ. ಅವಳ ಸುದ್ದಿಯೇ ಅವನ ಬಾಯಿಗೆ ಬರಲಿಲ್ಲ. ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಬಿಸಾಕಿ ಬಂದೆ.

ನಿನ್ನೆ ಮಗಳು ಎರಡೆಲೆ ಮಗುಚಿದಳು. ಒಂದು ರಾಜ, ಒಂದು ಆರು. ರಾಜನಿಗೆ ಹದಿಮೂರು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ್ದಾರೆ.

"ನೈಂಟೀನ್!"

"ಆರು," ಎಂದೆ.

"ರಾಂಗ್, ಮಮ್ಮಿ! ಟೀಚರ್ ನೇ ಬೋಲಾ."

"ನಿಮ್ಮ ಟೀಚರಿಗೆ ಗೊತ್ತಿಲ್ಲ ಬಿಡವಾ."

ಗೊತ್ತಿದ್ದವಳು ಗೋಡೆಯಾಚೆ ಇಲ್ಲ. ಈಗಿನ ಈ ಫ್ಲ್ಯಾಟಿನ ಗೋಡೆಯಾಚೆ ಲಿಫ್ಟು ಏರಿಳಿಯುತ್ತದೆ, ಅಷ್ಟೇ.